ಶ್ರೀ ಅಡ್ಮಿನ್ ಮಹಾತ್ಮೆ

ನಾಲ್ಕು ಜನ ಕೂತು ಲೆಕ್ಕ ಬರೆಯುವ ಆಫೀಸಿನಲ್ಲಿ ನಾಲ್ವರಿಗೂ ಬೇರೆ ಬೇರೆ ಲಾಗಿನ್ ಇರಬೇಕು ಎಂದು ವಾದಿಸುವವರು ಇದ್ದಾರೆ. ಒಂದೇ ಒಲೆ, ಒಂದೇ ಅಡುಗೆಯ ಕೂಡುಕುಟುಂಬದಲ್ಲಿ ಬೆಳೆದ ನಮಗೆ ಈ ಮಾತು ಕೇಳಿದರೇ ಮನಸ್ಸು ಕಹಿಯಾಗುತ್ತದೆ. ನಮ್ಮಲ್ಲಿ ಇರುವುದು ಒಂದೇ ಹೆಸರು: ಅಡ್ಮಿನ್. ಯಜಮಾನರು ಅಡ್ಮಿನ್, ಕ್ಯಾಷಿನಲ್ಲಿ ಕೂರುವ ಅಕ್ಕ ಅಡ್ಮಿನ್, ಹೋದ ಸೋಮವಾರ ಸೇರಿದ ಬಿಲ್ಲಿಂಗ್ ಹುಡುಗನೂ ಅಡ್ಮಿನ್. ಇಂಥ ಸಮಾನತೆಯನ್ನು ಸಂವಿಧಾನ ಬರೆದವರೂ ಊಹಿಸಿರಲಾರರು.

ನಾವು ಲೆಕ್ಕ ಬರೆಯುವ ಟ್ಯಾಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1986ರಲ್ಲಿ. ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲವೆಂದು ಶ್ಯಾಮಸುಂದರ್ ಗೋಯಂಕಾ ಮಗ ಭರತ್‌ಗೆ ಹೇಳಿ ಬರೆಸಿದ್ದು. ಪಾಪ, ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹೆಸರು ಕೊಡಲು, ಯಾರು ಯಾವ ವೋಚರ್ ನೋಡಬಹುದು, ಹಳೇ ತಾರೀಖಿಗೆ ಎಂಟ್ರಿ ಹಾಕಬಹುದೇ ಬೇಡವೇ ಎಂದೆಲ್ಲ ನಿಗದಿ ಮಾಡಲು ಅನುಕೂಲ ಮಾಡಿಟ್ಟಿದ್ದಾರೆ. ನಾವು ಆ ಪುಟವನ್ನು ಇದುವರೆಗೆ ತೆರೆದಿಲ್ಲ. ಹಿರಿಯರು ಕೊಟ್ಟ ಒಳ್ಳೆಯ ರೇಷ್ಮೆ ಸೀರೆಯನ್ನು ದಿನಾ ಉಡುತ್ತಾರೆಯೇ?

ಪಾಸ್‌ವರ್ಡ್ ಇಡುವ ಜಾಗದಲ್ಲೂ ನಮ್ಮದು ಪಾರದರ್ಶಕ ಆಡಳಿತ. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಅಂಚಿನಲ್ಲಿ, ಹಾಲಿನವನ ಲೆಕ್ಕದ ಪಕ್ಕ, ಪೆನ್ಸಿಲಿನಲ್ಲಿ ಬರೆದಿರುತ್ತದೆ. ಪ್ರತಿ ವರ್ಷ ಜನವರಿ ಮೊದಲ ವಾರ ಆಫೀಸಿನಲ್ಲಿ ಯಾರಿಗೂ ಲಾಗಿನ್ ಆಗುವುದಿಲ್ಲ. ಕಾರಣ ಹುಡುಕಲು ಬಂದವರು ಕೇಬಲ್ ಅಲ್ಲಾಡಿಸುತ್ತಾರೆ, ಆಂಟಿವೈರಸ್ ತೆಗೆದುಹಾಕುತ್ತಾರೆ, ವಿಂಡೋಸನ್ನು ಬೈಯುತ್ತಾರೆ. ಹಳೇ ಕ್ಯಾಲೆಂಡರ್ ರದ್ದಿಗೆ ಹೋಗಿದೆ ಎಂಬುದು ಹೊಳೆಯುವುದು ನಾಲ್ಕನೇ ಕಾಫಿಗೆ.

ಲಾಗಿನ್ ತೊಂದರೆ ನಿವಾರಣೆಯೆಂಬ ವಿದ್ಯೆಗೆ ನಮ್ಮ ನೆಲದ ವಿಶೇಷ ಕೊಡುಗೆಯೊಂದಿದೆ: ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಬೆಳಿಗ್ಗೆ ಅಕ್ಕ ಪತ್ರವೊಂದನ್ನು ಕನ್ನಡದಲ್ಲಿ ಟೈಪು ಮಾಡಿ, ಸ್ಕ್ರೋಲ್ ಲಾಕ್ ಹಾಗೇ ಬಿಟ್ಟು ಎದ್ದುಹೋಗಿರುತ್ತಾರೆ. ಆಮೇಲೆ ಬಂದವನು ಅಡ್ಮಿನ್ ಎಂದು ಇಂಗ್ಲಿಷಿನಲ್ಲಿ ಒತ್ತಿದರೆ ಪರದೆಯ ಮೇಲೆ ‘ಅದಮಿನ’ ಎಂದು ಮೂಡುತ್ತದೆ. ಅಲ್ಲಿ ಕಣ್ಣಿಗಾದರೂ ಕಾಣುತ್ತದೆ, ಅಳಿಸಿ ತಿದ್ದಬಹುದು. ಪಾಸ್‌ವರ್ಡಿನ ಜಾಗದಲ್ಲಿ ಕನ್ನಡವೂ ಚುಕ್ಕಿ, ಇಂಗ್ಲಿಷೂ ಚುಕ್ಕಿ. ಎರಡು ಭಾಷೆಗಳು ಇಷ್ಟು ಸಮವಾಗಿ ಕಾಣುವ ಜಾಗ ಈ ರಾಜ್ಯದಲ್ಲಿ ಮತ್ತೊಂದಿಲ್ಲ.

‘ಪಾಸ್‌ವರ್ಡ್ ಯಾರ್ರೀ ಚೇಂಜ್ ಮಾಡಿದ್ದು?’

‘ನಾನಂತೂ ಅಲ್ಲಪ್ಪ. ಆಡಿಟರ್ ಆಫೀಸ್ ಹುಡುಗ ಬಂದಿದ್ನಲ್ಲ, ಅವನನ್ನ ಕೇಳಿ.’

ಈ ಸಂಭಾಷಣೆಯಲ್ಲಿ ತೊಂದರೆಯ ಪರಿಹಾರವಿಲ್ಲದಿರಬಹುದು, ಆದರೆ ಹೊಣೆ ಆಫೀಸಿನಿಂದಾಚೆ ಹೋಯಿತು. ಮುಕ್ಕಾಲು ಕೆಲಸ ಮುಗಿದಂತೆಯೇ.

ಕರೆಂಟಿನ ಪಾತ್ರವನ್ನೂ ನೆನೆಯಬೇಕು. ಟ್ಯಾಲಿಯ ಲೈಸೆನ್ಸ್ ಇರುವುದು ಯಜಮಾನರ ಕಂಪ್ಯೂಟರಿನಲ್ಲಿ. ಉಳಿದವು ಅದರ ಐಪಿ ವಿಳಾಸ ಹಿಡಿದು ಅಲ್ಲಿಗೆ ಹೋಗಿ ಅಪ್ಪಣೆ ಪಡೆಯಬೇಕು. ಕರೆಂಟು ಹೋಗಿ ಬಂದ ಮೇಲೆ ರೂಟರು ಯಜಮಾನರಿಗೆ ಹೊಸ ವಿಳಾಸ ಕೊಟ್ಟಿರುತ್ತದೆ, ಉಳಿದವು ಹಳೇ ವಿಳಾಸದಲ್ಲೇ ಹುಡುಕುತ್ತಿರುತ್ತವೆ. ಲೈಸೆನ್ಸ್ ಸಿಗದಿದ್ದರೆ ಟ್ಯಾಲಿ ಎಜುಕೇಷನಲ್ ಮೋಡಿಗೆ ಇಳಿಯುತ್ತದೆ. ಆಗ ಎಂಟ್ರಿ ಹಾಕಲು ಸಿಗುವುದು ತಿಂಗಳ 1, 2 ಮತ್ತು 31ನೇ ತಾರೀಖು ಮಾತ್ರ. ವಿಳಾಸವನ್ನು ಸ್ಥಿರವಾಗಿ ಕಟ್ಟಿಹಾಕುವುದು ಐದು ನಿಮಿಷದ ಕೆಲಸ ಎಂದು ಸಿಸ್ಟಂ ಹುಡುಗ ಪ್ರತಿ ಸಲ ಹೇಳುತ್ತಾನೆ. ಪ್ರತಿ ಸಲ ಬಂದು ಹೋದದ್ದಕ್ಕೆ ದುಡ್ಡೂ ತೆಗೆದುಕೊಳ್ಳುತ್ತಾನೆ. ಐದು ನಿಮಿಷಕ್ಕಾಗಿ ಒಬ್ಬ ತರುಣನ ಅನ್ನ ಕಳೆಯುವಷ್ಟು ಕಟುಕರು ನಾವಲ್ಲ.

ಇಷ್ಟೆಲ್ಲ ಸುಖವಾಗಿ ನಡೆಯುತ್ತಿರುವಾಗ ಸರ್ಕಾರ ಮೂಗು ತೂರಿಸಿತು. ಲೆಕ್ಕದ ಸಾಫ್ಟ್‌ವೇರ್ ಬಳಸುವ ಪ್ರತಿ ಕಂಪನಿಯೂ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಇಡಬೇಕು, ಪ್ರತಿ ತಿದ್ದುಪಡಿಯೂ ತಾರೀಖಿನ ಸಮೇತ ಅದರಲ್ಲಿ ದಾಖಲಾಗಬೇಕು, ಅದನ್ನು ಆಫ್ ಮಾಡಲು ಬರಬಾರದು ಎಂಬ ನಿಯಮ ಜಾರಿಗೆ ಬಂತು. ಅದು ವರ್ಷಪೂರ್ತಿ ಚಾಲೂ ಇತ್ತೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಬರೆಯಬೇಕು. ಬಹಳ ಕಡೆ ನಡುಕ ಹುಟ್ಟಿತಂತೆ. ನಮ್ಮಲ್ಲಿ ಹುಟ್ಟಲಿಲ್ಲ. ಒಂದು ಬಿಲ್ಲನ್ನು ತೆರೆದು ನೋಡಿದೆವು. ಮೊದಲು ಬರೆದವರು: ಅಡ್ಮಿನ್. ರಾತ್ರಿ ಒಂಬತ್ತೂವರೆಗೆ ಮೊತ್ತ ತಿದ್ದಿದವರು: ಅಡ್ಮಿನ್. ಮರುದಿನ ಪಾರ್ಟಿಯ ಹೆಸರನ್ನೇ ಬದಲಿಸಿದವರು: ಅಡ್ಮಿನ್. ಕಾನೂನು ಅಕ್ಷರಶಃ ಪಾಲನೆಯಾಗಿದೆ, ಯಾರ ಮರ್ಯಾದೆಗೂ ಕುಂದು ಬಂದಿಲ್ಲ. ಈ ದಾಖಲೆಯನ್ನು ಎಂಟು ವರ್ಷ ಜೋಪಾನ ಮಾಡಬೇಕಂತೆ. ನಮ್ಮ ಅಡ್ಮಿನ್‌ಗೆ ನಿವೃತ್ತಿಯೂ ಇಲ್ಲ, ವರ್ಗಾವಣೆಯೂ ಇಲ್ಲ. ಎಂಟೇನು, ಎಂಬತ್ತು ವರ್ಷವಾದರೂ ಜೋಪಾನ ಮಾಡಿಯೇವು.

ಸೆಕ್ಯುರಿಟಿಯ ವಿಷಯದಲ್ಲಿ ನಾವು ಹಿಂದೆ ಬಿದ್ದಿದ್ದೇವೆಂದು ತಿಳಿಯಬಾರದು. ಒಮ್ಮೆ ಯಜಮಾನರಿಗೆ ಉತ್ಸಾಹ ಬಂದು ಟ್ಯಾಲಿ ವಾಲ್ಟ್ ಹಾಕಿಸಿದರು. ಇದರಲ್ಲಿ ಕಂಪನಿಯ ದತ್ತಾಂಶವೆಲ್ಲ ಗೂಢಲಿಪಿಗೆ ತಿರುಗುತ್ತದೆ. ಪಟ್ಟಿಯಲ್ಲಿ ಕಂಪನಿಯ ಹೆಸರೂ ನಕ್ಷತ್ರಗಳಾಗಿ ಕಾಣುತ್ತದೆ. ಪಾಸ್‌ವರ್ಡ್ ಮರೆತರೆ ತೆಗೆಯಲು ದಾರಿಯಿಲ್ಲ. ಯಜಮಾನರು ಮರೆತರು. ಆ ವರ್ಷದ ಲೆಕ್ಕ ಇವತ್ತಿಗೂ ಇನ್ಯಾರ ಕೈಗೂ ಸಿಕ್ಕಿಲ್ಲ. ಸುರಕ್ಷತೆಯೆಂದರೆ ಇನ್ನೇನು?

ಪಾಸ್‌ವರ್ಡ್ ಹಂಚಿಕೆ ಕೆಟ್ಟ ಚಾಳಿ ಎನ್ನುವ ಓದಿದವರಿಗೆ ಒಂದು ಮಾತು. ಹಲವರು ಹಂಚಿಕೊಂಡು ಬಳಸುವ ಕಂಪ್ಯೂಟರಿಗೆ ಮೊದಲು ಪಾಸ್‌ವರ್ಡ್ ತಂದದ್ದು ಅಮೆರಿಕದ ಎಂಐಟಿಯಲ್ಲಿ, 1960ರ ದಶಕದ ಆರಂಭದಲ್ಲಿ. 1962ರಲ್ಲೇ ಅಲನ್ ಷೆರ್ ಎಂಬ ಸಂಶೋಧಕ ತನಗೆ ಕೊಟ್ಟ ಕಂಪ್ಯೂಟರ್ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡುಗಳನ್ನೂ ಪ್ರಿಂಟ್ ತೆಗೆಸಿಕೊಂಡ. ಅಂದರೆ ಪಾಸ್‌ವರ್ಡ್ ಎಷ್ಟು ಹಳೆಯದೋ, ಅದು ಇನ್ನೊಬ್ಬರ ಕೈಗೆ ಹೋಗುವ ಪದ್ಧತಿಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಆತ ಪಾಪ ಕದ್ದುಮುಚ್ಚಿ ಮಾಡಬೇಕಾಯಿತು. ನಮ್ಮಲ್ಲಿ ವಾಟ್ಸ್‌ಆ್ಯಪ್ ಗುಂಪಿದೆ.

ಕೆಲಸ ಬಿಟ್ಟು ಎದುರಿನ ಮಂಡಿ ಸೇರಿದವರನ್ನೂ ಆ ಗುಂಪಿನಿಂದ ನಾವು ತೆಗೆದಿಲ್ಲ. ಹಾಗೆ ಸಂಬಂಧ ಕಡಿದುಕೊಳ್ಳುವುದು ನಮ್ಮ ಪದ್ಧತಿಯಲ್ಲ. ಅವರೂ ಆಗಾಗ ಬಂದು ನಮ್ಮ ದರಗಳನ್ನು ನೋಡಿಕೊಂಡು ಹೋಗುತ್ತಿರಬಹುದು. ಬಂದರೆ ಎಡಿಟ್ ಲಾಗಿನಲ್ಲಿ ಗೊತ್ತಾಗುವುದಿಲ್ಲ.

ಆದ್ದರಿಂದ, ಇನ್ನೂ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಇಟ್ಟುಕೊಂಡು ಒದ್ದಾಡುತ್ತಿರುವ ಸಂಸ್ಥೆಗಳು ದಯವಿಟ್ಟು ಒಮ್ಮೆ ನಮ್ಮಲ್ಲಿಗೆ ಬಂದು ನೋಡಬೇಕು. ಜನವರಿ ಮೊದಲ ವಾರ ಬಿಟ್ಟು ಯಾವಾಗ ಬಂದರೂ ಸರಿ. ಬಾಗಿಲಲ್ಲಿ ಯಾರನ್ನು ಕೇಳಲಿ ಎಂಬ ಚಿಂತೆ ಬೇಡ. ಅಡ್ಮಿನ್ ಇದ್ದಾರೆಯೇ ಎಂದರೆ ಸಾಕು, ಎಲ್ಲರೂ ಎದ್ದು ನಿಲ್ಲುತ್ತೇವೆ. ಯಾವುದೋ ಬಿಲ್ಲಿನ ವಿಷಯ ಕೇಳಲು ಬಂದವರಾದರೆ ಮಾತ್ರ ಅವರು ಈಗಷ್ಟೇ ಊಟಕ್ಕೆ ಹೋಗಿದ್ದಾರೆ.