ಶ್ರೀಮಾನ್ ಪಾಸಿಂಗ್ ಪ್ಯಾಕೇಜ್ ಅವರಿಗೊಂದು ಬಹಿರಂಗ ಪತ್ರ

ಮಹಾಸ್ವಾಮಿ,

ಸಾಷ್ಟಾಂಗ ನಮಸ್ಕಾರ. ಜನವರಿ ಬಂತೆಂದರೆ ಹತ್ತನೇ ತರಗತಿಗಳಲ್ಲಿ ತಮ್ಮದೇ ದರ್ಬಾರು. ಪಠ್ಯಪುಸ್ತಕ ಚೀಲದೊಳಗೆ, ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ ತುಂಬಿಕೊಂಡ ತಮ್ಮ ಜೆರಾಕ್ಸ್ ಪ್ರತಿ ಬೆಂಚಿನ ಮೇಲೆ. ಹೃದಯದ ಚಿತ್ರ ಬರೆದರೆ ಇಷ್ಟು ಅಂಕ, ಥೇಲ್ಸ್ ಪ್ರಮೇಯ ಬಾಯಿಪಾಠವಾದರೆ ಇಷ್ಟು. ಹೃದಯ ನಿದ್ದೆಯಲ್ಲೂ ಯಾಕೆ ಬಡಿಯುತ್ತದೆ ಎಂದು ಕೇಳುವ ಹುಡುಗಿಗೆ ಮಾತ್ರ ತಮ್ಮ ಬಳಿ ಅಂಕವಿಲ್ಲ. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿಲ್ಲದ್ದನ್ನು ಕೇಳಿದ್ದು ಅವಳದೇ ತಪ್ಪು, ಬಿಡಿ.

ಆ ಹುಡುಗಿಯಂತೆ ನಮ್ಮ ಮೇಷ್ಟ್ರುಗಳಿಗೂ ಸ್ವಂತ ತಲೆ ಓಡಿಸುವ ದುರಭ್ಯಾಸ ಹಳೆಯದು. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ಕಲಿಕೆಯ ಕಾರ್ಡು ಬರೆದು, ಹಾಡು ಕಟ್ಟಿ ‘ನಲಿ-ಕಲಿ’ ಮಾಡಿದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬಹುದಿತ್ತು. ಸರ್ಕಾರಕ್ಕೆ ಅದು ಎಷ್ಟು ಹಿಡಿಸಿತೆಂದರೆ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿಸಿತು. ಮೇಷ್ಟ್ರುಗಳು ಕಟ್ಟಿದ್ದು ಮೇಷ್ಟ್ರುಗಳಿಗೇ ಸುತ್ತೋಲೆಯಾಗಿ ಬಂತು.

ಆ ಮಕ್ಕಳು ನಲಿದು ಕಲಿತು ಹತ್ತಕ್ಕೆ ಬರುವ ಹೊತ್ತಿಗೆ ತಾವು ಕಾದು ಕೂತಿರುತ್ತೀರಿ. ಫಲಿತಾಂಶದ ಪಟ್ಟಿಯಲ್ಲಿ ಜಿಲ್ಲೆಗೆ ಮೇಲಿನ ಸ್ಥಾನ ಬೇಕಲ್ಲ! ಫಲಿತಾಂಶ ಕುಸಿದರೆ ನೋಟಿಸು ಬರುವುದು ನಮಗೆ, ತಮಗಲ್ಲ.

2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಕೃಪಾಂಕ ಪಡೆಯುವ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ. ಮಕ್ಕಳು ಗೆರೆ ಮುಟ್ಟದಿದ್ದರೆ ಗೆರೆಯನ್ನೇ ಮಕ್ಕಳ ಬಳಿ ತರುವುದು! ಶಿಕ್ಷಣದಲ್ಲಿ ಸೃಜನಶೀಲತೆ ಸತ್ತಿದೆ ಎಂದವರಾರು? ಅದೇ ವರ್ಷ 5, 8, 9ನೇ ತರಗತಿಗೂ ಬೋರ್ಡ್ ಪರೀಕ್ಷೆ ನಡೆಸಿದ್ದರು. ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಐದನೇ ಕ್ಲಾಸಿನಲ್ಲೇ ತಮ್ಮ ದರ್ಶನಭಾಗ್ಯ ಸಿಗುವುದು ತಪ್ಪಿತು.

ಹಾಗಂತ ತಮ್ಮನ್ನು ಬೈಯಲು ಬಾಯಿ ಬರುವುದಿಲ್ಲ. ಹಳ್ಳಿಯಲ್ಲಿ ಹತ್ತು ಫೇಲಾದ ಹುಡುಗಿಗೆ ಮನೆಯವರು ಗಂಡು ಹುಡುಕುತ್ತಾರೆ. ಪಾಸಾದರೆ ಪಿಯುಸಿಗೆ ಕಳಿಸಿಯಾರು. ಅದಕ್ಕೇ ನಾವೂ ತಮ್ಮ ಜೆರಾಕ್ಸ್ ಹಂಚುತ್ತೇವೆ, ಭಕ್ತಿಯಿಂದಲೇ.

ಒಂದೇ ಕೋರಿಕೆ. ಈಚೆಗೆ ತಾವು ಜೂನ್ ತಿಂಗಳಲ್ಲೇ ಶಾಲೆಗೆ ಕಾಲಿಡುತ್ತಿದ್ದೀರಿ. ದಯವಿಟ್ಟು ಡಿಸೆಂಬರ್‌ವರೆಗಾದರೂ ತರಗತಿಯನ್ನು ನಮಗೆ ಬಿಟ್ಟುಕೊಡಿ. ಆ ಹುಡುಗಿಗೆ ಹೃದಯದ ವಿಷಯ ಹೇಳುವುದು ಬಾಕಿಯಿದೆ.

ಇಂತಿ ತಮ್ಮ ವಿಧೇಯ,
ಒಬ್ಬ ಹೈಸ್ಕೂಲು ಮೇಷ್ಟ್ರು