ಕೆವಿಎ ಭಾವ

ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯ ಊರುಗಳಲ್ಲಿ ಒಬ್ಬರಾದರೂ ಕೆವಿಎ ಭಾವ ಸಿಗುತ್ತಾರೆ. ಅವರ ನಿಜವಾದ ಹೆಸರು ಮದುವೆ ಕಾಗದದಲ್ಲಿ ಮಾತ್ರ ಕಾಣುತ್ತದೆ. ಯಾವುದೋ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಸವೆದು, ನಿವೃತ್ತರಾಗಿ ಊರಿಗೆ ಬಂದವರು. ತೋಟವನ್ನು ತಮ್ಮ ನೋಡಿಕೊಳ್ಳುತ್ತಾನೆ, ಊರನ್ನು ಇವರು ನೋಡಿಕೊಳ್ಳುತ್ತಾರೆ. ಜೇಬಿನಲ್ಲಿ ಟೆಸ್ಟರ್, ಕಂಕುಳಲ್ಲಿ ಸೊಸೈಟಿಯ ಡೈರಿ.

ಆರಿದ್ರೆ ಮಳೆಯ ಗಾಳಿಗೆ ಎಲ್ಲೋ ಕಾಡಿನೊಳಗೆ ಲೈನಿನ ಮೇಲೆ ಮರ ಬಿದ್ದು, ಮೂರನೇ ದಿನವೂ ಕರೆಂಟ್ ಬಾರದೆ ಹೋದರೆ ಮನೆಯ ಯಜಮಾನರು, "ಈ ಸಲ ಒಂದು ಜನರೇಟರ್ ತಂದೇ ಬಿಡುವ" ಎನ್ನುತ್ತಾರೆ. ಈ ಮಾತು ಅಂಗಳ ದಾಟುವುದರೊಳಗೆ ಭಾವ ಕೊಡೆ ಮಡಚಿ ಜಗಲಿ ಹತ್ತಿಯಾಗಿರುತ್ತದೆ.

"ಯುಪಿಎಸ್ ಉಂಟಲ್ಲ ಭಾವ" ಎಂದಿರೋ, ಡೈರಿ ತೆರೆಯಿತು. 150 ಆಂಪಿಯರ್ ಅವರ್ ಬ್ಯಾಟರಿ, 12 ವೋಲ್ಟ್, ಗುಣಿಸಿದರೆ 1,800 ವಾಟ್ ಅವರ್. ಅದೂ ಕಾಗದದ ಮೇಲೆ. "ಮೊದಲ ರಾತ್ರಿಗೆ ಮುಗೀತು. ಮತ್ತೆ ತುಂಬಿಸ್ಲಿಕ್ಕೆ ಕರೆಂಟೇ ಬೇಕಲ್ಲ ಮಾರಾಯ್ರೆ!" ಸೋಲಾರ್ ಎಂದವರಿಗೆ ಅವರು ಉತ್ತರ ಕೊಡುವುದಿಲ್ಲ. ಎದ್ದು ಹೋಗಿ ಆಷಾಢದ ಆಕಾಶವನ್ನು ಒಮ್ಮೆ ನೋಡಿ ಬಂದು ಕೂರುತ್ತಾರೆ.

ಆಮೇಲೆ ಶುರುವಾಗುವುದೇ ಲೋಡ್ ಲೆಕ್ಕ. ಇದು ನೋಡಲಿಕ್ಕೆ ಆದಾಯ ತೆರಿಗೆಯವರ ದಾಳಿಯ ಹಾಗೇ ಇರುತ್ತದೆ. ಮನೆಯಲ್ಲಿ ಏನೇನು ಉಂಟು ಎಂದು ಯಜಮಾನರು ಬಾಯಲ್ಲಿ ಹೇಳಿದ್ದನ್ನು ಅವರು ನಂಬುವುದಿಲ್ಲ. ಒಳಗೆ ಹೋಗಿ ಪ್ಲಗ್ ಎಣಿಸುತ್ತಾರೆ. ಎಲ್‌ಇಡಿ ಬಲ್ಬು ಹತ್ತು, ತಲಾ 9 ವಾಟ್. ಟೀವಿ 60. ಫ್ಯಾನು ಮಳೆಗಾಲದಲ್ಲಿ ಯಾರಿಗೆ ಬೇಕು, ಹೊಡೆದು ಹಾಕಿ. ಮಿಕ್ಸಿ 750. ಇಲ್ಲಿ ಪೆನ್ನು ನಿಲ್ಲುತ್ತದೆ. "ಅತ್ತಿಗೆ, ಒರಳು ಎಲ್ಲಿ ಹೋಯ್ತು?" ಅತ್ತಿಗೆ ಮಾತಾಡುವುದಿಲ್ಲ. ಆದರೆ ಆವತ್ತಿನ ಕಾಫಿಗೆ ಸಕ್ಕರೆ ಕಡಿಮೆ ಬೀಳುತ್ತದೆ.

ಗೀಸರ್ ಸಂಗತಿಯಲ್ಲಿ ಮಲೆನಾಡು ಪುಣ್ಯ ಮಾಡಿದೆ. ಬಚ್ಚಲ ಹಂಡೆಯ ಕೆಳಗೆ ಬೆಂಕಿ ಇದ್ದೇ ಇರುತ್ತದೆ. ನೀರಿನ ಮೋಟಾರಿನ ಮಾತು ಬಂದಾಗ ಮಾತ್ರ ಭಾವ ಕನ್ನಡಕ ತೆಗೆಯುತ್ತಾರೆ. ಒಂದು ಎಚ್‌ಪಿ ಎಂದರೆ 746 ವಾಟ್ ಎಂದು ಶಾಲೆಯಲ್ಲಿ ಕಲಿತದ್ದು ಸಾಲದು. ಅದು ಎಳೆಯುವುದು ಇನ್ನೂ ಹೆಚ್ಚು, ಏಳುವ ಕ್ಷಣದಲ್ಲಂತೂ ಅದರ ಹಲವು ಪಟ್ಟು. ಅದೊಂದಕ್ಕೇ 3 ಕೆವಿಎ ತಾಕತ್ತಿನ ಜನರೇಟರ್ ಬೇಕು. "ನಿಮಗೆ ಗುಡ್ಡದಿಂದ ಅಬ್ಬಿ ನೀರು ಬರ್ತದಲ್ಲ, ಮಳೆಗಾಲದಲ್ಲಿ ಮೋಟಾರು ಎಂತಕ್ಕೆ?" ಯಜಮಾನರಿಗೆ ಮೋಟಾರು ಬೇಕಾದದ್ದು ನೀರಿಗಲ್ಲ. ಮೇಲಿನ ಮನೆಯವರು ಮೂರೂವರೆ ಕೆವಿಎ ತಂದಿದ್ದಾರೆ, ಇವರಿಗೆ ಐದು ಬೇಕು. ಭಾವ ಇದನ್ನು ಅರ್ಥ ಮಾಡಿಕೊಂಡೇ, ಅರ್ಥವಾಗದವರಂತೆ ಪೆಟ್ರೋಲಿನ ಲೆಕ್ಕ ಹಾಕುತ್ತಾರೆ. ಒಂದು ಕೆವಿಎ ಯಂತ್ರ ಗಂಟೆಗೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ, ಐದರದ್ದು ಎರಡು ಲೀಟರಿನ ಹತ್ತಿರ. ಲೀಟರಿಗೆ 100 ರೂಪಾಯಿ ಹಿಡಿದರೂ, ಚಿಕ್ಕ ಯಂತ್ರದಲ್ಲಿ ಅರ್ಧ ಗಂಟೆಯ ಧಾರಾವಾಹಿ 25 ರೂಪಾಯಿ, ದೊಡ್ಡದರಲ್ಲಿ 100. "ಅಷ್ಟು ಕೊಟ್ಟು ಆ ಸೊಸೆ ಅಳೋದನ್ನ ನೋಡ್ಬೇಕಾ?" ಒಳಗಿನಿಂದ ಅಮ್ಮನ ಧ್ವನಿ: "ಬೇಕು."

ಫ್ರಿಜ್ಜಿನ ಮೇಲೆ ಅವರಿಗೆ ಅಕ್ಕರೆ. ಓಡುವಾಗ 150 ವಾಟೇ ಆದರೂ ಕಂಪ್ರೆಸರ್ ಎದ್ದೇಳುವಾಗ ಅದೂ ಮೋಟಾರಿನ ಜಾತಿಯೇ. ದಿನವಿಡೀ ಓಡಿಸಬೇಕಿಲ್ಲ, ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಸಾಕು. ಬಾಗಿಲು ಮಾತ್ರ ಸುಮ್ಮನೆ ತೆಗೆಯಬಾರದು, ಅದು ಓಡುವ ಹೊತ್ತಿನಲ್ಲಿ ಮಿಕ್ಸಿ ತಿರುಗಿಸಬಾರದು. ಹೀಗೆ ಎಲ್ಲ ಕೂಡಿಸಿ, ಕಳೆದು, 2 ಕೆವಿಎ ಎಂದು ತೀರ್ಪು ಬರೆಯುವ ಹೊತ್ತಿಗೆ ಮೂಲೆಯ ಕೋಣೆಯಿಂದ ಸುಂಯ್ ಎಂಬ ನೆನಪೊಂದು ಅವರ ಕಿವಿಗೆ ಬೀಳುತ್ತದೆ. ಬೆಂಗಳೂರಿನಿಂದ ಬಂದು ಮನೆಯಿಂದಲೇ ಕೆಲಸ ಮಾಡುವ ಮಾಣಿಯ ಮಂಚದ ಕೆಳಗೆ ಕೆಟಲ್ ಸಿಗುತ್ತದೆ. 1,500 ವಾಟ್. ಮಾಣಿಯ ಲ್ಯಾಪ್‌ಟಾಪ್ 65, ರೂಟರ್ 10, ಚಹಾ 1,500! ಅಂಥ ಮೌನ ಆ ಮನೆಯಲ್ಲಿ ಶ್ರಾದ್ಧದ ದಿನವೂ ಇರುವುದಿಲ್ಲ.

ಅಂಗಡಿಯವನನ್ನು ಅವರು ಕಾಡುವ ಬಗೆಯೇ ಬೇರೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು ಗರಿಷ್ಠ, ಹೊತ್ತಿಡೀ ಕೊಡುವುದು ಅದಕ್ಕಿಂತ ಕಡಿಮೆ ಎಂದು ಗಿರಾಕಿಗಳ ಎದುರೇ ಹೇಳುತ್ತಾರೆ. ಅಗ್ಗದ ಯಂತ್ರದ ಸದ್ದಿಗೆ ಟೀವಿ ಹಚ್ಚಿದರೂ ಕೇಳಿಸುವುದು ಜನರೇಟರೇ. ಇನ್ವರ್ಟರ್ ಮಾದರಿಯದ್ದು ಮೆತ್ತಗೆ ಓಡುತ್ತದೆ, ಲ್ಯಾಪ್‌ಟಾಪಿಗೂ ಒಳ್ಳೆಯದು, ಆದರೆ ಬೆಲೆ ಕೇಳಿ ಯಜಮಾನರ ಮುಖ ಕೊಳೆರೋಗ ಬಂದ ಅಡಿಕೆ ಗೊನೆಯನ್ನು ಕಂಡಾಗಿನಂತಾಗುತ್ತದೆ.

ಒಂದೇ ಒಂದು ವಿಷಯದಲ್ಲಿ ಅವರು ತಮಾಷೆ ಮಾಡುವುದಿಲ್ಲ. ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರನ್ನು ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಜಾಣರನ್ನು ಕಂಡರೆ ಭಾವ ಎದ್ದು ನಿಲ್ಲುತ್ತಾರೆ. ಟ್ರಾನ್ಸ್‌ಫಾರ್ಮರಿಗೆ ಹಿಂದೆ ಮುಂದೆ ಗೊತ್ತಿಲ್ಲ. ನಿಮ್ಮ ಮನೆಯ 230 ವೋಲ್ಟ್ ಆಚೆ ಕಡೆ 11,000 ಆಗಿ ಹೊರಡುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಆ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಕೈ ಅಲ್ಲಿರುತ್ತದೆ. ಚೇಂಜ್ ಓವರ್ ಸ್ವಿಚ್ ಹಾಕದ ಮನೆಗೆ ಅವರು ಎರಡನೇ ಸಲ ಹೋಗುವುದಿಲ್ಲ. ಯಂತ್ರವನ್ನು ಮಳೆ ತಾಗದಿರಲಿ ಎಂದು ಜಗಲಿಯಲ್ಲೋ ಬಚ್ಚಲಿನಲ್ಲೋ ಇಡುವವರಿಗೂ ಇದೇ ದಂಡನೆ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಕೊಟ್ಟಿಗೆ ಬೇಡ, ದನಗಳಿವೆ. ಸೌದೆ ಕೊಟ್ಟಿಗೆ ಬೇಡ, ಪೆಟ್ರೋಲಿದೆ. ಮನೆಯಿಂದ ದೂರ ನಾಲ್ಕು ಕಂಬ ನಿಲ್ಲಿಸಿ ತಗಡು ಹೊದೆಸಿ ಅಂದರೆ, ಜನರೇಟರಿಗೂ ಗೃಹಪ್ರವೇಶವೇ ಎಂದು ಯಜಮಾನರು ಗೊಣಗುತ್ತಾರೆ.

ಭಾವನ ಮನೆಯಲ್ಲಿ ಯಾವ ಕಂಪನಿಯದ್ದು? ಎಲ್ಲರೂ ಕೇಳುವ ಪ್ರಶ್ನೆ ಇದು. ಯಾವುದೂ ಇಲ್ಲ. ಅವರ ಮನೆ ಪೇಟೆಯ ಆಸ್ಪತ್ರೆಯ ಲೈನಿನಲ್ಲಿದೆ, ಅಲ್ಲಿ ಕರೆಂಟ್ ಹೋಗುವುದೇ ಅಪರೂಪ. ಊರಿನವರಿಗೆ ಈ ಕುರಿತು ಸಿಟ್ಟಿದೆ. ಹಾಗೆಂದು ಅವರ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿಲ್ಲ, ಆ ಸಿಟ್ಟೂ ಇದೆ.

ಐದು ಕೆವಿಎ ತಂದವರೂ ಮುಂದಿನ ಜೂನಿನಲ್ಲಿ ಅವರಿಗೇ ಫೋನ್ ಮಾಡುತ್ತಾರೆ: ಹಗ್ಗ ಎಳೆದೆಳೆದು ಭುಜ ಹೋಯ್ತು, ಸ್ಟಾರ್ಟೇ ಆಗ್ತಿಲ್ಲ. ವರ್ಷವಿಡೀ ಒಳಗೇ ನಿಂತ ಪೆಟ್ರೋಲು ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂತಿರುತ್ತದೆ. ತಿಂಗಳಿಗೊಮ್ಮೆ ಓಡಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿಡಿ ಎಂದು ಡೈರಿ ಹರಿದು ಕೊಟ್ಟ ಚೀಟಿಯಲ್ಲೇ ಅವರು ಬರೆದಿದ್ದರು. ಹೊಸ ಯಂತ್ರ ತಂದ ದಿನವೇ ಫೋನ್ ಮಾಡುವವರಿಗೆ ಬೇರೆ ಉತ್ತರ ಇದೆ: ಡಬ್ಬದಿಂದ ತೆಗೆದ ಜನರೇಟರಿನಲ್ಲಿ ಸಾಮಾನ್ಯವಾಗಿ ಎಂಜಿನ್ ಆಯಿಲ್ ಇರುವುದಿಲ್ಲ, ಮೊದಲು ಅದನ್ನು ಹಾಕಿ, ಆಮೇಲೆ ಹಗ್ಗ ಎಳೆಯಿರಿ.