ಮುಳುಗಡೆ ದ್ವೀಪದರ್ಶನ ಮೀಮಾಂಸೆ

ಶರಾವತಿ ಹಿನ್ನೀರಿನ ನಡುವಿನ ಕರೂರು-ಬಾರಂಗಿ ಸೀಮೆಯ ಮನೆಗಳಿಗೆ ಅಮ್ಮನ ತವರಿನಿಂದ ಅಜ್ಜ, ಅಮ್ಮಮ್ಮ ಬಂದಾಗ ಅವರಿಗೆ ದ್ವೀಪ ತೋರಿಸುವ ಹಕ್ಕು ಮೊಮ್ಮಕ್ಕಳದು ಎಂಬ ನಂಬಿಕೆ ಬಹುಕಾಲದಿಂದ ಪ್ರಚಾರದಲ್ಲಿದೆ. ಈ ನಂಬಿಕೆಗೆ ಯಾವ ಪ್ರಮಾಣದ ಬೆಂಬಲವೂ ಇಲ್ಲವೆಂದು ಸ್ಥಾಪಿಸುವುದೇ ಪ್ರಸ್ತುತ ಗ್ರಂಥದ ಪ್ರಯೋಜನ. ಬೇಸಿಗೆ ರಜೆ ಸಿಕ್ಕ ಯಾವ ಮೊಮ್ಮಗುವಾದರೂ ಇದನ್ನು ಓದಲು ಅಧಿಕಾರಿ. ಇಲ್ಲಿ ಅಜ್ಜ ಎಂದರೆ ಸಾಮಾನ್ಯ ಅಜ್ಜನಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹೊಳೆ ಸಮುದ್ರವಾದಾಗ ಗಂಟುಮೂಟೆ ಕಟ್ಟಿಕೊಂಡು ಶಿವಮೊಗ್ಗ, ಭದ್ರಾವತಿ ಕಡೆಯ ಕಾಡಂಚಿಗೆ ಹೋದವರ ಪೈಕಿ ಒಬ್ಬ. ಮಗಳನ್ನು ಮಾತ್ರ, ವಿಧಿವಿಲಾಸದಿಂದಲೋ ಅಡಿಕೆ ತೋಟದ ಆಸೆಯಿಂದಲೋ, ಮರಳಿ ಹೊಳೆಯಾಚೆಗೇ ಕೊಟ್ಟವನು. ಅಂದರೆ ನೆಂಟನಾಗಿ ಬರುವ ಊರಿಗೆ ಅವನು ಮೊದಲು ಒಕ್ಕಲು.

ಇದು ದ್ವೀಪವೇ ಅಲ್ಲ, ಕೋಗಾರಿನ ಕಡೆಯಿಂದಲೂ ನಾಗೋಡಿಯ ಕಡೆಯಿಂದಲೂ ನೆಲದ ಮೇಲೇ ಬರಬಹುದು ಎಂದು ಭೂಗೋಳದ ಮೇಷ್ಟ್ರುಗಳು ಆಕ್ಷೇಪಿಸುತ್ತಾರೆ. ನಕ್ಷೆಯ ಮಟ್ಟಿಗೆ ಅದು ನಿಜ. ಆದರೆ ಸೇತುವೆ ಬರುವ ಮೊದಲು, ಸಾಗರದ ಆಸ್ಪತ್ರೆಗೆ ಹೊರಟವನು ಹೊಳೆಬಾಗಿಲಿನಲ್ಲಿ ಸಂಜೆಯ ಕೊನೆಯ ಲಾಂಚ್ ತಪ್ಪಿಸಿಕೊಂಡರೆ ಅವನಿಗೆ ನಾಲ್ಕು ದಿಕ್ಕಿನಲ್ಲೂ ನೀರೇ ಆಗಿತ್ತು. ದ್ವೀಪತ್ವವನ್ನು ನಿರ್ಣಯಿಸಬೇಕಾದವನು ದಡದಲ್ಲಿ ನಿಂತ ಈ ಮನುಷ್ಯ, ಅಟ್ಲಾಸ್ ಅಲ್ಲ. ನಾಡಿಗೆಲ್ಲ ಕರೆಂಟು ಕೊಡಲು ಮುಳುಗಿದ ಸೀಮೆಯವರು ಮೊಬೈಲ್ ನೆಟ್‌ವರ್ಕ್ ಇಲ್ಲದೆ ಮತದಾನ ಇಲ್ಲ ಎಂದು ಬೋರ್ಡು ಹಿಡಿಯಬೇಕಾಗಿ ಬಂದದ್ದನ್ನು ಉಪಪ್ರಮಾಣವಾಗಿ ಸೇರಿಸಿಕೊಳ್ಳಬಹುದು. ಈ ಆಕ್ಷೇಪವನ್ನು ಇಷ್ಟಕ್ಕೇ ಬಿಡೋಣ.

ಈಗ ಮುಖ್ಯ ಸೂತ್ರ: ಮೊಮ್ಮಕ್ಕಳ ದರ್ಶನಾಧಿಕಾರವು ಜಲಾಶಯದ ಮಟ್ಟದೊಂದಿಗೆ ಏರಿಳಿಯುತ್ತದೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಮಳೆಗಾಲದ ಕೊನೆಗೆ ನೀರು ಅಲ್ಲಿಗೆ ಮುಟ್ಟಿದಾಗ ಮೊಮ್ಮಗ ಸಾರ್ವಭೌಮ. ಇದು ಕಳಸವಳ್ಳಿ ದಡ, ಇದು ಸಿಗಂದೂರು ಚೌಡಮ್ಮನ ಗುಡಿಗೆ ಹೋಗುವ ದಾರಿ, ಅದು ತುಮರಿ ಎಂದು ಅವನು ಬೆರಳು ತೋರಿಸಿದಲ್ಲೆಲ್ಲ ಅಜ್ಜ ಹೂಂಗುಟ್ಟಬೇಕು. ಆದರೆ ವಿದ್ಯುತ್ತಿಗೆಂದು ನೀರು ಬಿಟ್ಟಷ್ಟೂ ಸಿಂಹಾಸನ ಅಲುಗುತ್ತದೆ. ಮಾರ್ಚಿಗೆ ಮರದ ಬೊಡ್ಡೆಗಳು ತಲೆಯೆತ್ತುತ್ತವೆ, ಅಜ್ಜ ಗಂಟಲು ಸರಿಮಾಡಿಕೊಳ್ಳುತ್ತಾನೆ. ಬರಗಾಲದ ಮೇ ತಿಂಗಳಲ್ಲಂತೂ ಲಾಂಚಿನ ಕಾಲದಲ್ಲಿ ವಾಹನ ಹತ್ತಿಸುವುದೇ ಕಷ್ಟವಾಗುತ್ತಿದ್ದಷ್ಟು ನೀರಿಳಿದು, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ತನ್ನ ಸೈಫನ್‌ಗಳ ಸಮೇತ ಹೊರಬೀಳುತ್ತದೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ ಆ ಅಣೆಕಟ್ಟನ್ನು ಹದಿನೈದಿಪ್ಪತ್ತು ವರ್ಷದೊಳಗೇ ಇನ್ನೊಂದು ಅಣೆಕಟ್ಟು ನುಂಗಿಹಾಕಿತು. ಮುಳುಗಿಸುವವನೂ ಮುಳುಗಬಹುದು ಎಂಬ ಈ ದೃಶ್ಯವನ್ನು ಅಜ್ಜ ತೋರಿಸುವಾಗ ಅವನ ದನಿಯಲ್ಲಿ ತುಸು ಸಂತೋಷವೂ ಇರುತ್ತದೆಂದು ದಾಖಲಿಸುವುದು ಪ್ರಬಂಧಕಾರನ ಕರ್ತವ್ಯ. ಆ ಹೊತ್ತಿಗೆ ಮೊಮ್ಮಗ ಬರೀ ನೀರಿನ ಬಾಟಲಿ ಹೊರುವ ಆಳು.

ಹಾಗಾದರೆ ನೀರು ತುಂಬಿದಾಗಲಾದರೂ ಗೆಲುವು ನಮ್ಮದಲ್ಲವೇ ಎಂಬುದು ಮೊಮ್ಮಕ್ಕಳ ಪಕ್ಷ. ಇದಕ್ಕೆ ಭಾಟ್ಟ ಮೀಮಾಂಸಕರೇ ಉತ್ತರ ಕೊಟ್ಟಿದ್ದಾರೆ. ಅವರು ಮತ್ತು ಅದ್ವೈತ ವೇದಾಂತಿಗಳು ಒಪ್ಪುವ ಆರು ಪ್ರಮಾಣಗಳಲ್ಲಿ, ಅಂದರೆ ತಿಳಿವಿನ ಸಾಧನಗಳಲ್ಲಿ, ಕೊನೆಯದು ಅನುಪಲಬ್ಧಿ: ನೆಲದ ಮೇಲೆ ಗಡಿಗೆ ಕಾಣದಿದ್ದಾಗ, ಗಡಿಗೆ ಇಲ್ಲ ಎಂಬ ತಿಳಿವೂ ಒಂದು ತಿಳಿವೇ. ಶಾಸ್ತ್ರಕಾರರಿಗೆ ಗಡಿಗೆಯೊಂದೇ ಸಾಕಾಯಿತು. ಅಜ್ಜನಿಗೆ ಹಿತ್ತಿಲು, ಕಣ, ಕೊಟ್ಟಿಗೆ, ಸೊಪ್ಪಿನಬೆಟ್ಟ, ಗದ್ದೆಬಯಲು, ಭೂತನಕಟ್ಟೆ ಎಲ್ಲವೂ ಬೇಕು. ಮೊಮ್ಮಗ ಲಾಂಚಿನ ಕಟಾಂಜನಕ್ಕೆ ಒರಗಿ ‘ಎಷ್ಟ್ ಚೆಂದ ನೀರು ನೋಡು ಅಜ್ಜ’ ಎನ್ನುತ್ತಿದ್ದಾಗ ಅಜ್ಜ ನೋಡುತ್ತಿದ್ದುದು ನೀರನ್ನಲ್ಲ, ಅಲ್ಲಿಲ್ಲದ ಕಣವನ್ನು. ಹೀಗೆ 1819 ಅಡಿಯಲ್ಲೂ ಸೋಲು ಮೊಮ್ಮಗನದೇ, ಅವನಿಗೆ ಅದು ಗೊತ್ತಾಗುವುದಿಲ್ಲ ಅಷ್ಟೆ. ಅಜ್ಜನಿಗೆ ಭ್ರಮೆ ಎಂದು ವಾದಿಸುವವರು, ಬೇರೆಬೇರೆ ಕಾಡಂಚಿಗೆ ಚದುರಿಹೋದ ಒಂದೇ ಊರಿನ ಇಬ್ಬರು ಮುದುಕರನ್ನು ದಡಕ್ಕೆ ತಂದು ನಿಲ್ಲಿಸಲಿ. ಬೇಲಿ ಎಲ್ಲಿತ್ತೆಂದು ಅವರು ಜಗಳವಾಡುತ್ತಾರೆ. ಇಲ್ಲದ ಗದ್ದೆಯ ಗಡಿಗಾಗಿ ಇಬ್ಬರು ಜಗಳವಾಡಬೇಕಾದರೆ ಗದ್ದೆ ಇದ್ದಿರಲೇಬೇಕು. ಅಮ್ಮಮ್ಮನ ಅಧ್ಯಯನಕ್ಷೇತ್ರ ಬೇರೆ. ಅವಳು ನೀರಿನ ಕಡೆ ತಿರುಗಿಯೂ ನೋಡದೆ ಮಗಳ ಕೈಬಳೆ ಸಡಿಲವಾಗಿದೆಯೇ ಎಂದು ಪರೀಕ್ಷಿಸಿ, ಇಡೀ ದ್ವೀಪದ ಬಗ್ಗೆ ತೀರ್ಪು ಕೊಟ್ಟಿರುತ್ತಾಳೆ. ಆ ತೀರ್ಪಿಗೆ ಮೇಲ್ಮನವಿ ಇಲ್ಲ.

ಉಳಿದವರು ಸೇತುವೆವಾದಿಗಳು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ದ್ವೀಪವೂ ಇಲ್ಲ, ದ್ವೀಪದರ್ಶನವೂ ಇಲ್ಲ, ಗ್ರಂಥ ಮುಚ್ಚಿಡಿ ಎಂಬುದು ಅವರ ವಾದ. ಸೇತುವೆ ಬೇಕಾಗಿತ್ತು. ಹೆರಿಗೆನೋವಿನಲ್ಲಿ ಲಾಂಚಿಗೆ ಕಾಯುವುದನ್ನು ಯಾವ ಶಾಸ್ತ್ರವೂ ಸಮರ್ಥಿಸಲಾರದು. ಆದರೆ ಸೂತ್ರಕ್ಕೆ ಅದರಿಂದ ಬಾಧೆಯಿಲ್ಲ. ನೀರು ಕಾಲಬುಡದಲ್ಲಿದ್ದಾಗ ಅಜ್ಜನಿಗೆ ತೋರಿಸಲು ಸಿಗುತ್ತಿದ್ದದ್ದು ಒಂದೆರಡು ಕೇರಿ. ಸೇತುವೆಯ ಎತ್ತರದಿಂದ ನೋಡಿದರೆ ಇಡೀ ಸೀಮೆ. ತೊಡಕು ವೇಗದ್ದು. ಲಾಂಚ್ ನಿಧಾನಕ್ಕೆ ಸಾಗುತ್ತಿದ್ದಾಗ ಮುಳುಗಿದ ಮನೆಗಳ ಹೆಸರು ಹೇಳಿ, ಅವರಿವರ ಸಂಬಂಧ ವಿವರಿಸಿ, ಎರಡು ಹಳೆಯ ವ್ಯಾಜ್ಯಗಳನ್ನೂ ಮುಗಿಸಲು ಪುರುಸೊತ್ತಿತ್ತು. ಸುಮಾರು ಎರಡೂವರೆ ಕಿಲೋಮೀಟರ್ ಸೇತುವೆಯನ್ನು ಕಾರು ಎರಡು ಮೂರು ನಿಮಿಷದಲ್ಲಿ ದಾಟಿಸುತ್ತದೆ. ಅಜ್ಜ ಮೂರನೆಯ ಮನೆಯ ಜಗುಲಿ ಹತ್ತುವಷ್ಟರಲ್ಲಿ ಕಳಸವಳ್ಳಿ ಬಂದಿರುತ್ತದೆ. ಮೊಮ್ಮಗನಿಗೆ ಇತಿಹಾಸದಲ್ಲಿ ಸಿಕ್ಕ ಏಕೈಕ ಗೆಲುವು ಇದು, ಅದೂ ಆಕ್ಸಿಲರೇಟರ್‌ನದು.

ಆದ್ದರಿಂದ ಮೊಮ್ಮಕ್ಕಳಿಗೆ ಈ ಗ್ರಂಥದ ವಿಧಿ ಇಷ್ಟೇ: ಅಜ್ಜ, ಅಮ್ಮಮ್ಮನನ್ನು ಮಳೆಗಾಲ ಹಿಡಿಯುವ ಮೊದಲು, ಮೇ ತಿಂಗಳಲ್ಲಿ ಕರೆತನ್ನಿ, ಕಾರನ್ನು ದಡದಲ್ಲೇ ನಿಲ್ಲಿಸಿ, ಅವರು ಹೇಳುವ ಮನೆ, ಗದ್ದೆಗಳ ಹೆಸರನ್ನು ಬರೆದುಕೊಳ್ಳಿ. ನೀರು ತುಂಬಿದ ವರ್ಷ ಹತ್ತು ವಯಸ್ಸಾಗಿದ್ದವರಿಗೂ ಈಗ ಎಪ್ಪತ್ತು ದಾಟಿದೆ. ಅಜ್ಜನ ಮಾತು ಮನೆಯಲ್ಲಿ ಶಬ್ದಪ್ರಮಾಣ, ತಾಲ್ಲೂಕು ಕಚೇರಿಯಲ್ಲಿ ಅಲ್ಲ. ಮುಳುಗಡೆಯ ಸಾವಿರಾರು ಕುಟುಂಬಗಳು ಬದಲಿಗೆ ಪಡೆದ ಜಮೀನಿನ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ಕಳೆದರೂ ಇತ್ಯರ್ಥವಾಗಿಲ್ಲ.